ಹಿಡಿಕೆ ತಿರುಗಿಸುವ ಕೈ ಯಾರದು?

ಮಲೆನಾಡಿನಲ್ಲಿ ಟಾರ್ಚಿಗೆ ‘ಬ್ಯಾಟ್ರಿ’ ಅಂತಲೇ ಹೆಸರು. ಮಳೆಗಾಲದಲ್ಲಿ ಅದು ಕೈಗೆ ಸಿಗುವ ಜಾಗದಲ್ಲೇ ಇರಬೇಕು. ಗಾಳಿಗೆ ಒಂದು ಮರ ಲೈನಿನ ಮೇಲೆ ಬಿದ್ದರೆ ಸಾಕು, ಎರಡು ಮೂರು ದಿನ ಕರೆಂಟಿಲ್ಲ. ಅದರ ಹಿಂದೆಯೇ ಮೊಬೈಲ್ ಸಿಗ್ನಲ್ಲೂ ಹೋಗುತ್ತದೆ.

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಈಗಿರೋದು ಅಪ್ಪಯ್ಯ, ಅಮ್ಮ ಇಬ್ಬರೇ. ನಾನು ಬೆಂಗಳೂರಿನಲ್ಲಿ. ಅಪ್ಪಯ್ಯನಿಗೆ 72 ವರ್ಷ, ರಾತ್ರಿ ಎರಡು ಸಲವಾದರೂ ಏಳಬೇಕು. ಬಚ್ಚಲಿಗೆ ಅಂಗಳ ದಾಟಿ ಹೋಗಬೇಕು. ಮಳೆಗಾಲದ ಅಂಗಳ ಅಂದರೆ ಪಾಚಿಯೇ. ಕಳೆದ ಜುಲೈಯಲ್ಲಿ ಕರೆಂಟು ಹೋದ ಮೂರನೇ ರಾತ್ರಿ ಚಾರ್ಜಿನ ಟಾರ್ಚು ಆರಿಹೋಯ್ತು. ಅಪ್ಪಯ್ಯ ಕತ್ತಲಲ್ಲೇ ಹೊರಟು, ಜಾರಿ, ಬಲಗೈ ಮಣಿಕಟ್ಟು ಮುರಿದುಕೊಂಡರು. ನನಗೆ ಸುದ್ದಿ ಮುಟ್ಟಿದ್ದು ಮರುದಿನ ಸಂಜೆ.

ಆಮೇಲೆ ನಾನು ಹುಡುಕಲು ಶುರುಮಾಡಿದ್ದು ಕೈಯಲ್ಲಿ ತಿರುಗಿಸಿ ಚಾರ್ಜ್ ಮಾಡುವ ಟಾರ್ಚು. ಒಳಗಿನ ವಿದ್ಯೆ ಹೊಸದೇನಲ್ಲ. ಹಳೇ ಸೈಕಲ್ಲಿನ ಡೈನಮೋ ನೆನಪಿದೆಯಾ? ಟೈರಿಗೆ ತಾಗಿ ತಿರುಗಿದರೆ ದೀಪ ಹತ್ತುತ್ತಿತ್ತಲ್ಲ, ಅದೇ. ಹಿಡಿಕೆ ತಿರುಗಿಸಿದರೆ ಹಲ್ಲಿನ ಚಕ್ರಗಳು ವೇಗ ಹೆಚ್ಚಿಸುತ್ತವೆ, ತಂತಿಸುರುಳಿಯ ಪಕ್ಕ ಅಯಸ್ಕಾಂತ ಸುತ್ತಿ ವಿದ್ಯುತ್ ಹುಟ್ಟುತ್ತದೆ, ಅದು ಒಳಗಿನ ಬ್ಯಾಟರಿಗೆ ಸೇರುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲೇ ನೆದರ್ಲೆಂಡ್ಸ್‌ನ ಫಿಲಿಪ್ಸ್ ಕಂಪನಿ ಕೈಯಲ್ಲಿ ಹಿಸುಕುವ ಡೈನಮೋ ಟಾರ್ಚು ಮಾಡಿತ್ತು. ಡಚ್ಚರು ಅದಕ್ಕಿಟ್ಟ ಹೆಸರಿನ ಅರ್ಥ ‘ಹಿಸುಕುವ ಬೆಕ್ಕು’!

ಡಬ್ಬದ ಮೇಲೆ ‘ಮೊಬೈಲ್ ಚಾರ್ಜರ್’ ಅಂತಲೂ ಬರೆದಿರುತ್ತದೆ. ಸ್ವಲ್ಪ ಲೆಕ್ಕ ಹಾಕೋಣ. 5000 ಎಂಎಎಚ್ ಫೋನ್ ಬ್ಯಾಟರಿ ಹಿಡಿಯೋದು ಸುಮಾರು 19 ವ್ಯಾಟ್-ಗಂಟೆ. ಇಂಥ ಸಣ್ಣ ಹಿಡಿಕೆಯಿಂದ 3 ವ್ಯಾಟ್ ಸಿಗುತ್ತದೆ ಅಂದುಕೊಂಡರೂ, ಏನೂ ನಷ್ಟವಾಗದೆ, ಆರು ಗಂಟೆಗಿಂತ ಹೆಚ್ಚು ಹೊತ್ತು ತಿರುಗಿಸಬೇಕು. ಅಕ್ಕಿ ರುಬ್ಬಿದ ಹಾಗೆ! ಒಂದು ತುರ್ತು ಕರೆಗೆ ಆದೀತು, ಅಷ್ಟೇ. ಆದರೆ ಸಣ್ಣ ಎಲ್‌ಇಡಿಗೆ ಬೇಕಾದ ವಿದ್ಯುತ್ ತೀರಾ ಕಡಿಮೆ. ನಮ್ಮನೆಯ ಟಾರ್ಚು ಒಂದು ನಿಮಿಷ ತಿರುಗಿಸಿದರೆ ಮಂದ ಬೆಳಕಲ್ಲಿ ಹತ್ತು ನಿಮಿಷ ಉರಿಯುತ್ತೆ. ಅಂಗಳ ದಾಟಿ ವಾಪಸ್ ಬರಲು ಅಷ್ಟು ಧಾರಾಳ.

ಆರಿಸುವಾಗ ಆನ್‌ಲೈನಿನಲ್ಲಿ ಎಲ್ಲರೂ ಲ್ಯೂಮೆನ್ ಎಷ್ಟು ಅಂತ ನೋಡ್ತಾರೆ. ನಾನು ನೋಡಿದ್ದು ಕೈಗಳನ್ನು. ಅಪ್ಪಯ್ಯನ ಮಣಿಕಟ್ಟಿಗೆ ಇನ್ನೂ ಬಲ ಬಂದಿಲ್ಲ, ಅಮ್ಮನ ಬೆರಳುಗಳಿಗೆ ಗಂಟುನೋವು. ಹಾಗಾಗಿ ಪೇಟೆಯ ಅಂಗಡಿಗೆ ಅಮ್ಮನನ್ನೇ ಕರೆದುಕೊಂಡು ಹೋದೆ. ಹಿಸುಕುವ ಮಾದರಿಯನ್ನು ನಾಲ್ಕು ಸಲ ಒತ್ತಿ, “ಇದು ನನ್ನ ಕೈಲಾಗೂದಿಲ್ಲ ಮಾರಾಯ್ತಿ” ಅಂತ ಕೆಳಗಿಟ್ಟರು. ಗಿಡ್ಡ ಹಿಡಿಕೆಯದ್ದು ಬೆರಳ ತುದಿಗೆ ನೋವಾಯ್ತು. ಉದ್ದ ಹಿಡಿಕೆಯ, ತುದಿಯಲ್ಲಿ ತಿರುಗುವ ಗುಬಟು ಇದ್ದದ್ದು ಮಾತ್ರ ಸಲೀಸು.

ಆಮೇಲೆ ಉಳಿದ ಪರೀಕ್ಷೆ. ಹಿಡಿಕೆ ಮಡಚುವ ಕೀಲು ಅಲ್ಲಾಡುತ್ತಿದೆಯಾ? ಮೊದಲು ಮುರಿಯೋದು ಅದೇ. ಸ್ಕ್ರೂ ಬಿಚ್ಚಿ ಬ್ಯಾಟರಿ ಬದಲಿಸಬಹುದಾ? ಮನೆಯ ಫೋನಿನ ವೈರೇ ಇದಕ್ಕೂ ಆಗುತ್ತಾ? ಬೆಳಕು ಮಂದ ಮಾಡುವ ಸ್ವಿಚ್ ಇದೆಯಾ? ಮೇಲಿನ ಪುಟ್ಟ ಸೋಲಾರ್ ಪಟ್ಟಿಗೆ ನಾನು ಬೆಲೆ ಕಟ್ಟಲಿಲ್ಲ. ಬಿಸಿಲೇ ಇಲ್ಲದ ಜುಲೈಯಲ್ಲಿ ಅದರಿಂದೇನು ಪ್ರಯೋಜನ? ಅಲ್ಲಾಡಿಸಿದರೆ ಉರಿಯುತ್ತೆ ಅಂತ ಮಾರುವ ಅಗ್ಗದ ಕೆಲವು ಟಾರ್ಚುಗಳ ಒಳಗೆ ಗಡಿಯಾರದ ಸೆಲ್ಲಿನಂಥ ಗುಂಡಿ ಸೆಲ್ ಅಡಗಿರುತ್ತದೆ. ಅದು ಮುಗಿದರೆ ಕಥೆ ಮುಗಿಯಿತು.

ಇನ್ನೊಂದು ಮಾತು. ಇದು ದಿನಬಳಕೆಯ ಟಾರ್ಚಿಗೆ ಬದಲಿ ಅಲ್ಲ. ಕರೆಂಟಿದ್ದಾಗ ವೈರಿನಿಂದಲೇ ಚಾರ್ಜ್ ಮಾಡಿಡಿ. ಹಿಡಿಕೆ ಇರೋದು ಎಲ್ಲ ಮುಗಿದ ಮೂರನೇ ರಾತ್ರಿಗೆ. ಕಪಾಟಿನಲ್ಲಿ ವರ್ಷಗಟ್ಟಲೆ ಸುಮ್ಮನೆ ಬಿದ್ದಿದ್ದರೆ ಬ್ಯಾಟರಿ ತನ್ನಷ್ಟಕ್ಕೇ ಖಾಲಿಯಾಗಿ ಹಾಳಾಗುತ್ತದೆ. ಕೆಲವು ಮಾದರಿಗಳಲ್ಲಿ ಬ್ಯಾಟರಿ ಸತ್ತರೆ ಎಷ್ಟು ತಿರುಗಿಸಿದರೂ ದೀಪ ಹತ್ತದು.

ಇದನ್ನು ಹೇಳಿದ್ದಕ್ಕೆ ಅಮ್ಮ ತಾವೇ ದಿನ ಗೊತ್ತುಮಾಡಿಕೊಂಡರು: ಪ್ರತಿ ಅಮಾವಾಸ್ಯೆ. ಆ ಸಂಜೆ ದೇವರಿಗೆ ದೀಪ ಹಚ್ಚಿ, ಬಾಗಿಲ ಪಕ್ಕದ ಮೊಳೆಯಿಂದ ಟಾರ್ಚು ತೆಗೆದು ಎರಡು ನಿಮಿಷ ತಿರುಗಿಸ್ತಾರೆ. ಫೋನ್ ಸಿಕ್ಕಿದರೆ ನನಗೂ ಆ ಕಿರ್ ಕಿರ್ ಸದ್ದು ಕೇಳಿಸ್ತಾರೆ. “ಕೇಳ್ತಾ? ಸರಿ ಉಂಟು. ನೀನು ಉಂಡು ಮಲಗು” ಅಂತಾರೆ.