ಗೊತ್ತಿದ್ದದ್ದನ್ನು ಬಿಟ್ಟು ಬರೆಯುವವರು

ಹೊಸದಾಗಿ ಬ್ಲಾಗ್ ಶುರು ಮಾಡಿದವರ ಬರಹಗಳನ್ನು ನಾನು ಹುಡುಕಿಕೊಂಡು ಹೋಗಿ ಓದುತ್ತೇನೆ. ಕನ್ನಡದಲ್ಲಿ ಹೊಸಬರೊಬ್ಬರು ಬರೆಯಲು ಕೂತರೆಂದರೆ ನನಗೆ ಇಂದಿಗೂ ಸಂತೋಷವೇ. ಆದರೆ ಇವರಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ. ತಮಗೆ ಚೆನ್ನಾಗಿ ಗೊತ್ತಿರುವ ಸಂಗತಿಯನ್ನು ಮನೆಯಲ್ಲೇ ಬಿಟ್ಟು ಬಂದಿರುತ್ತಾರೆ. ಬರಹದಲ್ಲಿ ಇರುವುದು ಯಶಸ್ಸಿನ ಸೂತ್ರ, ಬದುಕಿನ ಸಾರ್ಥಕತೆ, ಸಂಬಂಧಗಳ ಮೌಲ್ಯ. ಹೆಸರು ತೆಗೆದು ಓದಿದರೆ ಬರೆದವರು ಬೀದರಿನವರೋ ಬೈಂದೂರಿನವರೋ, ಮೇಷ್ಟರೋ ನರ್ಸೋ ತಿಳಿಯುವುದಿಲ್ಲ.

ತೀರ್ಥಹಳ್ಳಿ ಕಡೆಯ ಹುಡುಗನೊಬ್ಬ ನನಗೆ ಪರಿಚಯ. ಅಡಿಕೆ ತೋಟದ ಮನೆಯವನು. ಅವನ ಮೊದಮೊದಲ ಬರಹಗಳೆಲ್ಲ ಧನಾತ್ಮಕ ಚಿಂತನೆಯ ಮೇಲೆ. ಮೇ ತಿಂಗಳ ಕೊನೆಯಲ್ಲಿ ಫೋನ್ ಮಾಡಿದಾಗ ಮಾತ್ರ ಬೇರೆಯೇ ಮನುಷ್ಯ. “ಮಳೆ ಹಿಡಿಯೋದ್ರೊಳಗೆ ಔಷಧಿ ಹೊಡೆದು ಮುಗಿಸ್ಬೇಕು ಸಾರ್, ಇಲ್ಲಾಂದ್ರೆ ಕೊಳೆ ಬಂದುಬಿಡುತ್ತೆ” ಎಂದು ಶುರು ಮಾಡಿದವನು ಬೋರ್ಡೋ ದ್ರಾವಣ ಮಾಡುವುದನ್ನು ಕಣ್ಣಿಗೆ ಕಟ್ಟುವ ಹಾಗೆ ಹೇಳಿದ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಎರಡನ್ನೂ ಬೇರೆ ಬೇರೆ ನೀರಿನಲ್ಲಿ ಕರಗಿಸಿ ಒಟ್ಟು 100 ಲೀಟರ್ ಮಾಡಬೇಕು. ಕಬ್ಬಿಣದ ಪಾತ್ರೆ ಮಾತ್ರ ಕೂಡದು. ಹದ ಬಂತೋ ಇಲ್ಲವೋ ನೋಡಲು ಚಾಕುವಿನ ಅಲಗನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿಡುವುದು. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದು ಅರ್ಥ. ಇನ್ನಷ್ಟು ಸುಣ್ಣದ ನೀರು ಬೆರೆಸಿ ಮತ್ತೆ ಅದ್ದಬೇಕು.

“ಇದನ್ನೇ ಯಾಕೆ ಬರೀಬಾರದು ಮಾರಾಯ?” ಎಂದೆ.

“ಇದ್ರಲ್ಲಿ ಬರೆಯೋಕೆ ಏನಿದೆ ಸಾರ್? ನಮ್ಮೂರಲ್ಲಿ ಎಲ್ಲರಿಗೂ ಗೊತ್ತಿರೋದೇ ಅಲ್ವಾ.”

ಹೊಸಬರ ಕೈ ಕಟ್ಟಿಹಾಕುವುದು ಈ ಮಾತೇ. ತನ್ನ ಊರಿಗೆಲ್ಲ ಗೊತ್ತಿರುವುದು ಪಕ್ಕದ ತಾಲ್ಲೂಕಿಗೆ ಗೊತ್ತಿರುವುದಿಲ್ಲ, ತನ್ನ ಮಕ್ಕಳಿಗೂ ಗೊತ್ತಿರದ ಕಾಲ ಬರುತ್ತದೆ ಎಂಬುದು ಅವರಿಗೆ ಹೊಳೆಯುವುದಿಲ್ಲ. ಗೊರೂರು ರಾಮಸ್ವಾಮಿ ಅಯ್ಯಂಗಾರರು ‘ಹಳ್ಳಿಯ ಚಿತ್ರಗಳು’ ಬರೆದದ್ದು ಹೇಮಾವತಿ ದಂಡೆಯ ತಮ್ಮ ಊರಿನ ಜನರನ್ನು ಕುರಿತೇ. ಬಿ.ಜಿ.ಎಲ್. ಸ್ವಾಮಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದವರು. ವಿದ್ಯಾರ್ಥಿಗಳನ್ನು ಕರೆದುಕೊಂಡು ಕಾಡು ಸುತ್ತಿ, ಕಂಡ ಗಿಡಮರಗಳ ಬಗ್ಗೆ ಬರೆದ ‘ಹಸುರು ಹೊನ್ನು’ವಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಗಿಡಗಳ ಪುಸ್ತಕ ಯಾರು ಓದುತ್ತಾರೆ ಎಂದು ಅವರು ಸುಮ್ಮನಿದ್ದಿದ್ದರೆ ಕನ್ನಡಕ್ಕೆ ಎಷ್ಟು ದೊಡ್ಡ ನಷ್ಟವಾಗುತ್ತಿತ್ತು! ಹಾ.ಮಾ. ನಾಯಕರ ‘ಸಂಪ್ರತಿ’ಗೆ ಅದೇ ಪ್ರಶಸ್ತಿ ಬಂದದ್ದು 1989ರಲ್ಲಿ. ಅದು ಅಂಕಣ ಬರಹಗಳ ಸಂಕಲನ. ಆಯಾ ಹೊತ್ತಿಗೆಂದು ಬರೆದದ್ದು ಕೀಳಲ್ಲ ಎನ್ನುವುದಕ್ಕೆ ನಮ್ಮಲ್ಲಿ ಇಂಥ ಮೇಲ್ಪಂಕ್ತಿ ಇದೆ.

ಆದರೆ ಅಂಕಣಕಾರರ ಬರಹ ಓದುಗರ ಕೈಗೆ ಬರುವ ಮುಂಚೆ ಸಂಪಾದಕರ ಕಣ್ಣಿಗೆ ಬೀಳುತ್ತಿತ್ತು, ಕರಡು ತಿದ್ದುವವರ ಕೈಗೆ ಹೋಗುತ್ತಿತ್ತು. ಈಗ ಬರೆದ ಮರುಗಳಿಗೆಯಲ್ಲಿ ಪ್ರಕಟ. ಹಾಗಾಗಿ ಮೊದಲ ಕರಡೇ ಕೊನೆಯದಾಗಿ ಉಳಿಯುತ್ತದೆ. ಒಂದು ರಾತ್ರಿ ಹಾಗೇ ಇಟ್ಟು, ಬೆಳಿಗ್ಗೆ ಗಟ್ಟಿಯಾಗಿ ಓದಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ನಾಲಿಗೆ ತೊದಲಿದ ಕಡೆ ವಾಕ್ಯ ಕೆಟ್ಟಿದೆ ಎಂದೇ ಲೆಕ್ಕ. ಮೊದಲ ಪ್ಯಾರಾವನ್ನು ಹೊಡೆದುಹಾಕಿ ಎರಡನೆಯದರಿಂದ ಓದಿ ನೋಡಿ ಎಂದೂ ಹೇಳುವುದುಂಟು. ಹೊಸಬರ ಮೊದಲ ಪ್ಯಾರಾ ಸಾಮಾನ್ಯವಾಗಿ ಗಂಟಲು ಸರಿಮಾಡಿಕೊಳ್ಳುವುದರಲ್ಲೇ ಮುಗಿದಿರುತ್ತದೆ.

ಕಾಗುಣಿತದ ವಿಷಯದಲ್ಲಿ ನಾನು ಬಿಗಿ. ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವಾಗ ಲಕಾರ ಳಕಾರ, ನಕಾರ ಣಕಾರ ಅದಲುಬದಲಾಗುತ್ತವೆ. ‘ಹಳ್ಳಿ’ ಹೋಗಿ ‘ಹಲ್ಲಿ’ ಆದರೆ ಓದುಗರ ಗಮನ ಅಲ್ಲೇ ಚದುರಿತು. ಡಿಟಿಪಿ ಅಂಗಡಿಯಲ್ಲಿ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿಸಿದ್ದನ್ನು ಯೂನಿಕೋಡಿಗೆ ಬದಲಿಸದೆ ಅಂಟಿಸಿಬಿಡುವವರೂ ಇದ್ದಾರೆ. ಆಗ ತೆರೆಯ ಮೇಲೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರ, ಚಿಹ್ನೆಗಳ ರಾಶಿ. ಗೂಗಲ್‌ನಲ್ಲಿ ಕನ್ನಡ ಪದ ಕೊಟ್ಟು ಹುಡುಕಿದವರಿಗೂ ಆ ಬರಹ ಸಿಗುವುದಿಲ್ಲ.

ಬಣ್ಣ, ವಿನ್ಯಾಸಕ್ಕೆಂದೇ ವಾರಗಟ್ಟಲೆ ಕಳೆಯುವುದು, ದಿನಕ್ಕೊಂದು ಬರೆಯುತ್ತೇನೆಂದು ಮಾತು ಕೊಡುವುದು, ಇವೆಲ್ಲ ತಾವಾಗಿಯೇ ಸರಿಹೋಗುವ ಸಂಗತಿಗಳು. ವಾಟ್ಸಾಪಿನಲ್ಲಿ ಬಂದದ್ದನ್ನು ತನ್ನದೆಂಬಂತೆ ಹಾಕಿಕೊಳ್ಳುವುದು, ಬೇರೆಯವರು ತೆಗೆದ ಫೋಟೋವನ್ನು ಕೇಳದೆ ಬಳಸುವುದು ಹಾಗಲ್ಲ. ಅದು ಕಳ್ಳತನ. ಹೊಸಬರೆಂದು ಅದಕ್ಕೆ ರಿಯಾಯಿತಿ ಕೊಡಲು ನನ್ನ ಮನಸ್ಸು ಒಪ್ಪುವುದಿಲ್ಲ.

ಇನ್ನು, ನಾಲ್ಕು ಬರಹ ಹಾಕಿ ಯಾರೂ ಓದಲಿಲ್ಲವೆಂದು ಕೈಬಿಡುವವರು ಬಹಳ. ಇವರ ಬಗ್ಗೆ ನನಗೆ ನಿಜವಾಗಿ ಸಂಕಟವಾಗುತ್ತದೆ. ಗೆಳೆಯರು, ನೆಂಟರು ಅಂದೇ ಓದಿ ಮೆಚ್ಚುಗೆಯ ಮಾತಾಡುತ್ತಾರೆ. ಬರಹಕ್ಕೆ ಬೇಕಾದ ಓದುಗರು ಬರುವುದು ತಡವಾಗಿ, ತಮಗೇನೋ ಬೇಕಾಗಿ. ತೀರ್ಥಹಳ್ಳಿಯ ಹುಡುಗ ಕಡೆಗೂ ಚಾಕು ಅದ್ದಿ ನೋಡುವ ಬರಹ ಹಾಕಿದ. ಮೊದಲ ವಾರ ಸದ್ದಿಲ್ಲ. ಜುಲೈನಲ್ಲಿ ಮಳೆ ಜೋರಾಗಿ, ಎರಡನೇ ಸಲ ಔಷಧಿ ಹೊಡೆಯುವ ಹೊತ್ತಿಗೆ ಸಿದ್ದಾಪುರದಿಂದ ಒಬ್ಬರು ಕೇಳಿದರು: ನೀವು ಹೇಳಿರುವುದು ಸುಟ್ಟ ಸುಣ್ಣದ ಲೆಕ್ಕವೋ, ಅಂಗಡಿಯಲ್ಲಿ ಸಿಗುವ ಪುಡಿ ಸುಣ್ಣದ್ದೋ? ಅದು ಅವನು ಬರೆಯದೇ ಬಿಟ್ಟಿದ್ದ ವಿವರ. ಅಪ್ಪನನ್ನು ಕೇಳಿಕೊಂಡು ಬಂದು ಅದೇ ರಾತ್ರಿ ಮುಂದಿನದನ್ನು ಬರೆಯಲು ಕೂತ.