ಇಪ್ಪತ್ತೆರಡು ಮೆಟ್ಟಿಲು

ಮಕ್ಕಳೇ, ಗ್ರಂಥಾಲಯದಲ್ಲಿ ನೀವು ಪುಸ್ತಕವನ್ನು ಹೇಗೆ ಆರಿಸುತ್ತೀರಿ? ಕಪಾಟಿನ ಮುಂದೆ ನಿಲ್ಲುತ್ತೀರಿ. ಒಂದನ್ನು ತೆಗೆದು ಚಿತ್ರ ನೋಡುತ್ತೀರಿ. ಬೇಡವೆನಿಸಿದರೆ ಅಲ್ಲೇ ಇಟ್ಟು ಪಕ್ಕದ್ದನ್ನು ಎಳೆಯುತ್ತೀರಿ. ಇದು ಎಷ್ಟು ದೊಡ್ಡ ಸುಖವೆಂದು ಕಾಲೇಜು ಸೇರುವವರೆಗೂ ನನಗೆ ತಿಳಿದಿರಲಿಲ್ಲ. ಅದನ್ನು ತಿಳಿಸಿದವನು ನನ್ನ ಗೆಳೆಯ.

ನಮ್ಮಿಬ್ಬರದೂ ಮನೂರ್. ಮಂಜೀರಾ ನದಿಯ ಸೀಮೆ. ಕನ್ನಡದಲ್ಲಿ ಕಲಿತು, ಮುಂದೆ ಪಟ್ಟಣದ ಕಾಲೇಜಿಗೆ ಸೇರಿದೆವು. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಅವನ ಎರಡೂ ಕಾಲುಗಳ ಬಲ ಹೋಗಿತ್ತು. ನಿಮಗೆ ಎರಡು ಹನಿ ಪೋಲಿಯೊ ಲಸಿಕೆ ಹಾಕಿಸಿದ್ದಾರಲ್ಲವೇ? ಆ ಹನಿಗಳಿಂದಲೇ ನಮ್ಮ ದೇಶ 2014ರಲ್ಲಿ ಪೋಲಿಯೊ ಮುಕ್ತವಾಯಿತು. ಅವನಿಗೆ ಅವು ಸಿಕ್ಕಿರಲಿಲ್ಲ. ಅವನು ಗಾಲಿಕುರ್ಚಿಯಲ್ಲಿ ಓಡಾಡುತ್ತಿದ್ದ.

ಕಾಲೇಜಿನ ಗ್ರಂಥಾಲಯ ಮೇಲಿನ ಮಹಡಿಯಲ್ಲಿತ್ತು. ಇಪ್ಪತ್ತೆರಡು ಮೆಟ್ಟಿಲು. ಅವನು ಕೆಳಗೆ ಬೇವಿನ ಮರದ ನೆರಳಲ್ಲಿ ಚೀಟಿ ಬರೆದುಕೊಡುತ್ತಿದ್ದ. ನಾನು ಮೇಲೆ ಹೋಗಿ ಪುಸ್ತಕ ತರುತ್ತಿದ್ದೆ. ಒಳ್ಳೆಯ ಸಹಾಯ ಮಾಡುತ್ತಿದ್ದೇನೆಂದು ನನಗೆ ಹೆಮ್ಮೆ.

ಒಮ್ಮೆ ಅವನು 'ಹಕ್ಕಿಗಳ ಬಗ್ಗೆ ಯಾವುದಾದರೂ ಪುಸ್ತಕ' ಎಂದು ಬರೆದುಕೊಟ್ಟ. ನಾನು ಅವಸರದಲ್ಲಿ ಕೋಳಿ ಸಾಕಾಣಿಕೆಯ ಪುಸ್ತಕ ತಂದುಕೊಟ್ಟೆ. ಅವನು ಹೊಟ್ಟೆ ಹುಣ್ಣಾಗುವಂತೆ ನಕ್ಕ. ಆಮೇಲೆ ಮೆಲ್ಲಗೆ ಹೇಳಿದ:

"ನೀ ತಂದದ್ದನ್ನ ಓದ್ತೀನಿ ಬಿಡು. ಆದ್ರ ಮೇಲೆ ಏನೇನು ಅದಾವ ಅಂತ ನಾನೇ ಒಂದ್ಸಲ ನೋಡಬೇಕಲ್ಲೋ."

ನನ್ನ ಹೆಮ್ಮೆ ಇಳಿಯಿತು. ಮರುದಿನ ನಾಲ್ಕು ಜನ ಸೇರಿ ಅವನನ್ನು ಕುರ್ಚಿ ಸಮೇತ ಎತ್ತಿದೆವು. "ನಾನೇನು ಜೋಳದ ಚೀಲ ಏನ್ರೋ?" ಎಂದು ಅವನು ರೇಗಿದ. ಅವನಿಗೆ ಭಯವೂ ಆಗಿತ್ತು. ಒಬ್ಬನ ಕೈ ಜಾರಿದ್ದರೆ? ಆದರೆ ಮೇಲೆ ಹೋದ ಮೇಲೆ ಎರಡು ಗಂಟೆ ಮಾತೇ ಆಡಲಿಲ್ಲ. ಕಪಾಟಿನಿಂದ ಕಪಾಟಿಗೆ ಸರಿಯುತ್ತಿದ್ದ. ಕೊನೆಗೆ ನಕ್ಷತ್ರಗಳ ಪುಸ್ತಕವೊಂದನ್ನು ಎದೆಗವಚಿಕೊಂಡು ಬಂದ. ಅಂಥ ಪುಸ್ತಕ ಇದೆಯೆಂದೇ ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ ಪುಸ್ತಕದ ಹೆಸರನ್ನು ಚೀಟಿಯಲ್ಲಿ ಬರೆಯುವುದು ಹೇಗೆ, ಹೇಳಿ?

ಗ್ರಂಥಪಾಲಕರು ಇದನ್ನೆಲ್ಲ ನೋಡಿದರು. ಅವರ ಮೇಜಿನ ಹಿಂದೆ ಎಸ್. ಆರ್. ರಂಗನಾಥನ್ ಅವರ ಚಿತ್ರವಿತ್ತು. ರಂಗನಾಥನ್ ಮೊದಲು ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. 1931ರಲ್ಲಿ ಗ್ರಂಥಾಲಯಗಳಿಗಾಗಿ ಐದು ಸೂತ್ರಗಳನ್ನು ಪ್ರಕಟಿಸಿದರು. ಪ್ರತಿಯೊಬ್ಬ ಓದುಗನಿಗೂ ಅವನಿಗೆ ತಕ್ಕ ಪುಸ್ತಕ ಸಿಗಬೇಕು ಎಂಬುದು ಅವುಗಳಲ್ಲಿ ಒಂದು. ಓದುಗರನ್ನು ಕಪಾಟಿನ ಬಳಿಗೇ ಬಿಡಬೇಕೆಂದೂ ಅವರು ಹೇಳುತ್ತಿದ್ದರು.

ಕೆಲವು ದಿನಗಳಲ್ಲಿ ಕೆಳಗಿನ ಉಗ್ರಾಣದ ಕೋಣೆ ಖಾಲಿಯಾಯಿತು. ಅಲ್ಲಿ ಗಿಡ್ಡ ಕಪಾಟುಗಳು ಬಂದವು. ಎಲ್ಲ ಪುಸ್ತಕ ಹಿಡಿಸದ್ದರಿಂದ, ವಾರಕ್ಕೊಮ್ಮೆ ಮೇಲಿನವು ಕೆಳಗೆ, ಕೆಳಗಿನವು ಮೇಲೆ. ಬಾಗಿಲಲ್ಲಿ ಒಂದೇ ಮೆಟ್ಟಿಲು. ಎತ್ತರ 6 ಇಂಚು. ಗೌಂಡಿ ಬಂದು 2 ಅಡಿ ಉದ್ದದ ಇಳಿಜಾರು ಕಟ್ಟಿದ. ಗೆಳೆಯನ ಕುರ್ಚಿ ಹತ್ತಲೇ ಇಲ್ಲ. ಹಿಂದಕ್ಕೆ ವಾಲಿತು! 1 ಅಡಿ ಎತ್ತರ ಏರಬೇಕಾದರೆ ಇಳಿಜಾರು 12 ಅಡಿ ಉದ್ದ ಇರಬೇಕು. ಹಾಗಾದರೆ 6 ಇಂಚಿಗೆ ಎಷ್ಟು? ನೀವೇ ಲೆಕ್ಕ ಮಾಡಿ. ಗೌಂಡಿ ಅದನ್ನು ಒಡೆದು 6 ಅಡಿ ಉದ್ದ ಕಟ್ಟಿದ. ಗೆಳೆಯ ಯಾರ ಕೈಯನ್ನೂ ಕೇಳದೆ ಒಳಗೆ ಹೋದ.

ಮರುವರ್ಷ ಕಣ್ಣು ಕಾಣದ ಹುಡುಗಿಯೊಬ್ಬಳು ನಮ್ಮ ಕಾಲೇಜಿಗೆ ಬಂದಳು. ಅವಳು ಆ ಇಳಿಜಾರನ್ನು ಏರಿ ಬಂದರೂ ಕಪಾಟಿನ ಪುಸ್ತಕಗಳು ಅವಳ ಪಾಲಿಗೆ ಬರೀ ಕಾಗದ. ಅವಳು ಬ್ರೈಲ್ ಓದುತ್ತಿದ್ದಳು. ಫ್ರಾನ್ಸಿನ ಲೂಯಿ ಬ್ರೈಲ್ ಚಿಕ್ಕವನಿದ್ದಾಗ ಅಪ್ಪನ ಚರ್ಮದ ಕೆಲಸದ ಉಪಕರಣ ತಗುಲಿ ಕಣ್ಣು ಕಳೆದುಕೊಂಡವನು. 1824ರಲ್ಲಿ, ಹದಿನೈದರ ವಯಸ್ಸಿನಲ್ಲಿ, ಬೆರಳಿನಿಂದ ಓದುವ ಲಿಪಿಯನ್ನು ರೂಪಿಸಿದ. ಆರೇ ಉಬ್ಬು ಚುಕ್ಕೆಗಳಿಂದ 63 ಗುರುತುಗಳಾಗುತ್ತವೆ. ಕನ್ನಡವನ್ನೂ ಹಾಗೆ ಬರೆಯಬಹುದು. ಮೊದಲ ಚುಕ್ಕೆಯೊಂದೇ ಇದ್ದರೆ ಅದು 'ಅ'.

ನಮ್ಮಲ್ಲಿ ಬ್ರೈಲ್ ಪುಸ್ತಕಗಳು ಇರಲಿಲ್ಲ. ಪುಟಗಳನ್ನು ಗಟ್ಟಿಯಾಗಿ ಓದಿ ಹೇಳುವ ಕಂಪ್ಯೂಟರ್ ಒಂದಿತ್ತು. ಪಾಠಪುಸ್ತಕದ ಫೋಟೊ ತೆಗೆದು ಅದರಲ್ಲಿ ಹಾಕಿದೆವು. ಅದು ಸುಮ್ಮನಿತ್ತು. ಅದಕ್ಕೆ ಅಕ್ಷರಗಳು ಬೇಕು, ಅಕ್ಷರಗಳ ಚಿತ್ರವಲ್ಲ! ಹಾಗಾಗಿ ನಾವು ಸರದಿಯಂತೆ ಟೈಪ್ ಮಾಡಿದೆವು. ನಾನು 'ಮಳೆ'ಯನ್ನು 'ಮನೆ' ಮಾಡಿದ್ದೆ. 'ಆಕಾಶದಿಂದ ಮನೆ ಸುರಿಯಿತು' ಎಂದು ಕಂಪ್ಯೂಟರ್ ಗಂಭೀರವಾಗಿ ಓದಿತು.

ಇನ್ಯಾವ ಪುಸ್ತಕ ಟೈಪ್ ಮಾಡಲಿ ಎಂದು ನಾನೇ ಒಂದನ್ನು ಆರಿಸಿಕೊಂಡು ಹೋದೆ. ಅವಳು ತಡೆದಳು. "ಅಣ್ಣಾ, ಮೊದಲು ಕಪಾಟಿನ ಹೆಸರುಗಳನ್ನೆಲ್ಲ ಓದಿ ಹೇಳ್ರಿ."

ಗೆಳೆಯ ನನ್ನತ್ತ ನೋಡಿ ಮುಸಿಮುಸಿ ನಕ್ಕ. ಕೋಳಿಯ ಪಾಠ ನಾನು ಇನ್ನೂ ಕಲಿತಿರಲಿಲ್ಲ.

2016ರಲ್ಲಿ ಅಂಗವಿಕಲರ ಹಕ್ಕುಗಳಿಗೆ ಹೊಸ ಕಾಯ್ದೆ ಬಂತು. ಶಾಲೆ ಕಾಲೇಜುಗಳ ಕಟ್ಟಡಗಳೂ ಸೌಲಭ್ಯಗಳೂ ಅವರಿಗೆ ಎಟುಕುವಂತಿರಬೇಕೆಂದು ಅದು ಹೇಳುತ್ತದೆ. ಅದೇ ವರ್ಷ ಕಣ್ಣು ಕಾಣದವರಿಗಾಗಿ 'ಸುಗಮ್ಯ ಪುಸ್ತಕಾಲಯ' ಎಂಬ ಅಂತರಜಾಲದ ಗ್ರಂಥಾಲಯವೂ ಆರಂಭವಾಯಿತು.

ನಾಳೆ ನಿಮ್ಮ ಶಾಲೆಯ ಬಾಗಿಲಿನ ಮೆಟ್ಟಿಲನ್ನು ಅಳತೆಪಟ್ಟಿಯಿಂದ ಅಳೆಯಿರಿ. ಎಷ್ಟು ಉದ್ದದ ಇಳಿಜಾರು ಬೇಕೆಂದು ಲೆಕ್ಕ ಹಾಕಿ ನಿಮ್ಮ ಗುರುಗಳಿಗೆ ತೋರಿಸಿ.

ಅಂದ ಹಾಗೆ, ನನ್ನ ಗೆಳೆಯ ಆ ಕೋಳಿ ಪುಸ್ತಕವನ್ನು ಪೂರ್ತಿ ಓದಿದ್ದ. ಈಗ ಅವನ ಮನೆಯಂಗಳದಲ್ಲಿ ಹನ್ನೆರಡು ಕೋಳಿಗಳಿವೆ.