ಹನ್ನೊಂದು ಮೈಲಿಗಳ ಅಂತರ



ಕಳೆದ ವಾರ ದೊಡ್ಡದೊಂದು ಪುಸ್ತಕವನ್ನು ಓದಿ ಮುಗಿಸಿದೆ. ಇಂಗ್ಲೆಂಡಿನ ಆಪ್ಸ್ಲಿ ಚೆರಿ-ಗರಾರ್ಡ್ 1922ರಲ್ಲಿ ಪ್ರಕಟಿಸಿದ ‘ದ ವರ್ಸ್ಟ್ ಜರ್ನಿ ಇನ್ ದ ವರ್ಲ್ಡ್’ ಅದರ ಹೆಸರು. ಕ್ಯಾಪ್ಟನ್ ಸ್ಕಾಟರ ನಾಯಕತ್ವದಲ್ಲಿ 1910ರಿಂದ 1913ರವರೆಗೆ ನಡೆದ ದಕ್ಷಿಣ ಧ್ರುವ ಯಾತ್ರೆಯ ಕಥನವದು. ಪುಸ್ತಕವನ್ನು ಕಪಾಟಿಗೆ ಸೇರಿಸಿದ್ದಾಯಿತು. ಆದರೆ ಅದು ಎತ್ತಿದ ಪ್ರಶ್ನೆ ಮನಸ್ಸನ್ನು ಬಿಟ್ಟು ಹೋಗುತ್ತಿಲ್ಲ. ಅದನ್ನು ನಿಮ್ಮ ಮುಂದಿಡುತ್ತಿದ್ದೇನೆ.

1911ರ ಜೂನ್ ತಿಂಗಳ ಕೊನೆಯಲ್ಲಿ, ಸೂರ್ಯನೇ ಕಾಣದ ಧ್ರುವದ ಚಳಿಗಾಲದಲ್ಲಿ, ವಿಲ್ಸನ್, ಬವರ್ಸ್ ಮತ್ತು ಚೆರಿ ಎಂಬ ಮೂವರು ಎಂಪರರ್ ಪೆಂಗ್ವಿನ್ ಹಕ್ಕಿಯ ಮೊಟ್ಟೆಗಳನ್ನು ತರಲು ಹೊರಟರು. ಶಾಖವು ಶೂನ್ಯಕ್ಕಿಂತ 60 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯಿತು. ಬಿರುಗಾಳಿ ಗುಡಾರವನ್ನೇ ಹಾರಿಸಿಕೊಂಡು ಹೋಯಿತು. ಅದು ಮರಳಿ ಸಿಕ್ಕಿದ್ದರಿಂದ ಅವರು ಬದುಕಿದರು. ಐದು ವಾರಗಳ ನಂತರ ಮೂರು ಮೊಟ್ಟೆಗಳೊಂದಿಗೆ ಹಿಂದಿರುಗಿದರು. ಇಂಥ ಸಂಕಟದಲ್ಲೂ ತನ್ನ ಸಂಗಾತಿಗಳು ಸೌಜನ್ಯವನ್ನು ಮರೆಯಲಿಲ್ಲವೆಂದು ಚೆರಿ ಸ್ಮರಿಸುತ್ತಾರೆ.

ಮುಂದೆ ವಿಲ್ಸನ್ ಮತ್ತು ಬವರ್ಸ್ ಸ್ಕಾಟರೊಡನೆ ಧ್ರುವದತ್ತ ನಡೆದರು. 1912ರ ಜನವರಿ 17ರಂದು ಅಲ್ಲಿ ತಲುಪಿದಾಗ ನಾರ್ವೆಯ ಅಮುಂಡ್‌ಸೆನ್ ಒಂದು ತಿಂಗಳು ಮೊದಲೇ ಬಂದು ಹೋಗಿದ್ದರು. ಅವರು ಹಿಂದಿರುಗುವ ದಾರಿಯಲ್ಲಿ ‘ಒನ್ ಟನ್’ ಎಂಬ ದಾಸ್ತಾನು ನೆಲೆಗೆ ಆಹಾರ ಒಯ್ಯುವ ಹೊಣೆ ಚೆರಿಯ ಪಾಲಿಗೆ ಬಂತು. ಅವರು ನಾಯಿಬಂಡಿಗಳೊಡನೆ ಮಾರ್ಚ್ ತಿಂಗಳ ಆರಂಭದಲ್ಲಿ ಅಲ್ಲಿ ತಲುಪಿ, 10ನೆಯ ತಾರೀಖಿನವರೆಗೆ ಕಾದರು. ಹಿಮಗಾಳಿ ಬೀಸುತ್ತಿತ್ತು. ನಾಯಿಗಳಿಗೆ ಸಾಕಷ್ಟು ಆಹಾರವಿರಲಿಲ್ಲ. ಅವನ್ನು ಅಪಾಯಕ್ಕೆ ಒಡ್ಡಬಾರದೆಂಬ ಅಪ್ಪಣೆಯಿತ್ತು. ಸ್ಕಾಟರ ತಂಡ ಸಂಕಟದಲ್ಲಿದೆಯೆಂದು ತಿಳಿಯುವ ದಾರಿಯೂ ಇರಲಿಲ್ಲ. ಚೆರಿ ಆಹಾರವನ್ನಿಟ್ಟು ಹಿಂದಿರುಗಿದರು.

ಅದೇ ವರ್ಷದ ನವೆಂಬರ್ 12ರಂದು ಶೋಧತಂಡಕ್ಕೆ ಹಿಮ ಮುಚ್ಚಿದ ಗುಡಾರವೊಂದು ಕಂಡಿತು. ಅದರೊಳಗೆ ಸ್ಕಾಟ್, ವಿಲ್ಸನ್ ಮತ್ತು ಬವರ್ಸ್ ಮೃತರಾಗಿ ಮಲಗಿದ್ದರು. ಆಹಾರವಿದ್ದ ನೆಲೆ ಅಲ್ಲಿಂದ ಕೇವಲ 11 ಮೈಲಿ. ಆ ಶೋಧತಂಡದಲ್ಲಿ ಚೆರಿಯೂ ಇದ್ದರು. ಸಂತ ಪೌಲರು ಕೊರಿಂಥಿಯರಿಗೆ ಬರೆದ ಪತ್ರವನ್ನು ಓದಿ, ಗುಡಾರವನ್ನೇ ಅವರ ಮೇಲೆ ಇಳಿಸಿ, ಹಿಮದ ದಿಬ್ಬವನ್ನು ಕಟ್ಟಿ, ಶಿಲುಬೆಯನ್ನು ನೆಟ್ಟರು.

‘ಇನ್ನಷ್ಟು ಮುಂದೆ ಹೋಗಿದ್ದರೆ?’ ಈ ಪ್ರಶ್ನೆ 1959ರಲ್ಲಿ ತೀರಿಕೊಳ್ಳುವವರೆಗೂ ಚೆರಿಯನ್ನು ಕಾಡಿತು. ಅವರು ಅದನ್ನು ಬಚ್ಚಿಡದೆ ಬರವಣಿಗೆಗಿಳಿಸಿದರು. ನೆರೆಯವರಾಗಿದ್ದ ನಾಟಕಕಾರ ಬರ್ನಾರ್ಡ್ ಶಾ ಮತ್ತು ಅವರ ಪತ್ನಿ ಶಾರ್ಲೆಟ್‌ರಿಗೆ ಬರಹವನ್ನು ತೋರಿಸಿ ಸಲಹೆ ಪಡೆದರು. ಮನಸ್ಸಿನ ಭಾರ ಪೂರ್ತಿ ಇಳಿಯಲಿಲ್ಲ. ಆದರೆ ಮಡಿದ ಗೆಳೆಯರ ಒಳ್ಳೆಯತನ ಲೋಕಕ್ಕೆ ತಿಳಿಯಿತು.

ಸಾವಿನ ಮನೆಗಳಲ್ಲಿ ಈ ಪ್ರಶ್ನೆಯನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ‘ಹಿಂದಿನ ದಿನವೇ ಆಸ್ಪತ್ರೆಗೆ ಸೇರಿಸಿದ್ದರೆ ಅಪ್ಪ ಉಳಿಯುತ್ತಿದ್ದರೇನೋ ಸ್ವಾಮಿ’ ಎನ್ನುವ ಮಗ. ‘ಆ ರಾತ್ರಿ ಅವನನ್ನು ಹೊರಗೆ ಕಳುಹಿಸಬಾರದಿತ್ತು’ ಎನ್ನುವ ತಾಯಿ. ‘ಎಲ್ಲವೂ ದೈವಚಿತ್ತ’ ಎಂದು ಅವಸರದಲ್ಲಿ ಹೇಳುವ ಮಾತು ಆ ನೋವನ್ನು ಮುಟ್ಟುವುದಿಲ್ಲ. ಸ್ಕಾಟರ ತಂಡ ಸಂಕಟದಲ್ಲಿತ್ತೆಂದು ಇಂದು ನಾವು ಬಲ್ಲೆವು; ಮಾರ್ಚ್ 10ರಂದು ಚೆರಿ ಅರಿಯರು. ಇಂದಿನ ಅರಿವನ್ನು ಕೈಯಲ್ಲಿ ಹಿಡಿದು ನಿನ್ನೆಯ ಮನುಷ್ಯನಿಗೆ ತೀರ್ಪು ಕೊಡುವುದು ನ್ಯಾಯವಲ್ಲ. ಆ ಮನುಷ್ಯ ನಾವೇ ಆಗಿದ್ದರೂ ಅಲ್ಲ. ನನಗೆ ತೋಚಿದ್ದು ಇಷ್ಟು.

ಇನ್ನು ನಿಮ್ಮ ಸರದಿ. ಚೆರಿ ನಿಮ್ಮ ನೆರೆಯವರಾಗಿದ್ದು, ಬರೆದ ಹಾಳೆಗಳನ್ನು ತಂದು ನಿಮ್ಮ ಕೈಗಿತ್ತಿದ್ದರೆ, ಓದಿ ಮುಗಿಸಿದ ಮೇಲೆ ಅವರಿಗೆ ಏನು ಹೇಳುತ್ತಿದ್ದಿರಿ? ಮನೆಮಂದಿಯೆಲ್ಲ ಕೂಡಿ ಯೋಚಿಸಿ, ನಾಲ್ಕು ಸಾಲು ಬರೆದು ಕಳುಹಿಸಿ. ನಿಮ್ಮ ಉತ್ತರ ನನ್ನದಕ್ಕಿಂತ ಬೇರೆಯಾಗಿದ್ದರೆ, ಅದನ್ನೇ ಮೊದಲು ಓದುತ್ತೇನೆ.